ಲಾಲ್‌ಬಾಗ್ ಬ್ರಿಟಿಷರು ಕಟ್ಟಿದ್ದಂತೆ!

ಇವತ್ತು ಬೆಳಿಗ್ಗೆ ಲಾಲ್‌ಬಾಗಿನ ಗಾಜಿನ ಮನೆ ಮುಂದೆ ಒಂದಷ್ಟು ಮಕ್ಕಳನ್ನು ನಿಲ್ಲಿಸಿಕೊಂಡು ಒಬ್ಬ ಮಹಾಶಯರು ಮೈಕ್ ಹಿಡಿದು ಇತಿಹಾಸ ಹೇಳುತ್ತಿದ್ದರು. "ಲಾಲ್‌ಬಾಗನ್ನು 1889ರಲ್ಲಿ ಬ್ರಿಟಿಷರು ಕಟ್ಟಿದರು." ಮಕ್ಕಳು ಪಾಪ, ಬರೆದುಕೊಂಡವು. ಮಧ್ಯೆ ಬಾಯಿ ಹಾಕೋಣ ಅಂತ ಹೊರಟೆ. ನಮ್ಮವಳು ಅಂಗಿ ಹಿಡಿದು ಎಳೆದಳು. "ರೀ, ಬೆಳಬೆಳಿಗ್ಗೆ ಶುರು ಮಾಡಬೇಡಿ." ನನ್ನ ಬಾಯಿ ಎಂಥದ್ದು ಅಂತ ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ನುಂಗಿಕೊಂಡಿದ್ದನ್ನು ಇಲ್ಲಿ ಕಾರುತ್ತಿದ್ದೇನೆ.

ಸ್ವಾಮಿ, 1889ರದ್ದು ಗಾಜಿನ ಮನೆ. ತೋಟ ಅಲ್ಲ! ತೋಟ ಮಾಡಿಸಿದ್ದು ಹೈದರ್ ಅಲಿ, 1760ರಲ್ಲಿ. ಶಿರಾದ ಮೊಗಲ್ ತೋಟ ನೋಡಿ ಅಂಥದ್ದೇ ಒಂದು ಬೇಕು ಅನ್ನಿಸಿ ಸುಮಾರು 40 ಎಕರೆಯಲ್ಲಿ ಶುರು ಮಾಡಿಸಿದ. ಇವತ್ತು ಅದು 240 ಎಕರೆ. ಆಮೇಲೆ ಟಿಪ್ಪು ಪರದೇಶಗಳಿಂದ ಬೀಜ, ಸಸಿ ತರಿಸಿ ನೆಡಿಸಿದ. ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬಂದು ಗಾಜಿನ ಮನೆಗೆ ಅಡಿಗಲ್ಲು ಇಡುವ ಹೊತ್ತಿಗೆ ತೋಟಕ್ಕೆ 129 ವರ್ಷ. ಹೈದರನ ಹೆಸರು ಹೇಳಿದರೆ ಬಾಯಿ ಸವೆಯುತ್ತಾ? ಅಥವಾ ಈಗೀಗ ಆ ಹೆಸರು ಹೇಳೋಕೆ ಹಿಂಜರಿಕೆಯಾ? ಅದನ್ನಾದರೂ ನೇರವಾಗಿ ಹೇಳಿಬಿಡಿ.

"ಬ್ರಿಟಿಷರು ಏನೂ ಮಾಡಲಿಲ್ವಾ?" ಅಂತ ಕೇಳೋರು ಇರ್ತೀರಿ. ಮಾಡಿದರು, ಯಾರು ಇಲ್ಲ ಅಂದರು? ಆಗ ತೋಟ ನೋಡಿಕೊಳ್ಳುತ್ತಿದ್ದ ಕ್ಯಾಮರೂನ್ ಸಾಹೇಬ ಬೆಳೆಸಿದ ಸೀಮೆಬದನೆಕಾಯಿ ಇವತ್ತಿಗೂ ನಮ್ಮನೆ ಹುಳಿಗೆ ಬೀಳುತ್ತೆ. (ನನಗೆ ಅದು ಕಂಡರಾಗಲ್ಲ, ಆ ಮಾತು ಬೇರೆ.) ಆದರೆ ಇನ್ನೊಬ್ಬರ ತೋಟಕ್ಕೆ ಮನೆ ಕಟ್ಟಿದವರೆಲ್ಲ ತೋಟದ ಅಪ್ಪ ಆಗಿಬಿಡ್ತಾರಾ?

ಕ್ಯಾಮರೂನ್ ಆದ ಮೇಲೆ ತೋಟ ನೋಡಿಕೊಳ್ಳಲು ಬಂದ ಕ್ರುಂಬಿಗಲ್ ಜರ್ಮನಿಯವರು. ಬೆಂಗಳೂರಲ್ಲಿ ಒಂದು ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ನೆಡಿಸಿದವರು. ಮಹಾಯುದ್ಧದ ಕಾಲದಲ್ಲಿ ಇದೇ ಬ್ರಿಟಿಷರು ಅವರನ್ನು ಜರ್ಮನ್ ಅಂತ ಹಿಡಿದು ಕೂಡಿಹಾಕಿದ್ದರು. ಅವರ ನಂತರ ಬಂದವರು ನಮ್ಮ ಜವರಾಯರು. ಅವರ ಕಾಲದಲ್ಲಿ, 1935ರಲ್ಲಿ, ಅದೇ ಗಾಜಿನ ಮನೆಯನ್ನು ಭದ್ರಾವತಿಯ ಉಕ್ಕು ಹಾಕಿ ಪೂರ್ವಕ್ಕೆ ಬೆಳೆಸಿದರು. ಮಹಾಶಯರು ಬೆನ್ನು ಕೊಟ್ಟು ನಿಂತಿದ್ದ ಗಾಜಿನ ಮನೆಯೂ ಪೂರ್ತಿ ಬ್ರಿಟಿಷರದ್ದಲ್ಲ, ಕೇಳಿಸ್ತಾ?

"ಅಯ್ಯೋ, ಮಕ್ಕಳಿಗೆ ಇಷ್ಟೆಲ್ಲ ಯಾಕೆ, ಸುಮ್ನೆ ಆಡಿಕೊಂಡು ಹೋಗಲಿ" ಅಂದರು ಪಕ್ಕದಲ್ಲಿದ್ದ ವಾಕಿಂಗ್ ಸ್ನೇಹಿತರು. ಆಡಲಿ ಬಿಡಿ. ಸುಳ್ಳು ಬರೆಸೋದು ಯಾಕೆ? ಆಮೇಲೆ ಗುಂಪು ಕೆಂಪೇಗೌಡರ ಗೋಪುರದ ಬಂಡೆ ಹತ್ತಿತು. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಅದನ್ನೂ ಬ್ರಿಟಿಷರೇ ಹಡಗಲ್ಲಿ ತಂದಿಟ್ಟರು ಅನ್ನಲಿಲ್ಲ, ಪುಣ್ಯ.

ಮುಂದಿನ ವಾರ ಕಬ್ಬನ್ ಪಾರ್ಕಂತೆ. ಅದನ್ನು ನಿಜಕ್ಕೂ ಮಾಡಿಸಿದ್ದು ಬ್ರಿಟಿಷರು, 1870ರಲ್ಲಿ, ಸ್ಯಾಂಕಿ ಅನ್ನೋ ಎಂಜಿನಿಯರ್. ಈಗ ಕಾಗದದ ಮೇಲೆ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತಿದೆ. ಇವರು ಅದನ್ನು ಚಾಮರಾಜ ಒಡೆಯರೇ ಕಟ್ಟಿಸಿದ್ದು ಅಂತ ಬರೆಸ್ತಾರೆ, ಬೇಕಾದರೆ ಬೆಟ್ ಕಟ್ಟಿ.