ದನ ಬಿಟ್ಟುಹೋದ ಬಯಲಲ್ಲಿ ಬುತ್ತಿ ಬಿಚ್ಚುವವರಿಗೆ

ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಅಷ್ಟಕ್ಕೇ ಹಿಗ್ಗಬೇಡಿ. ಒಳಗೆ ಹೋದಮೇಲೆ ಏನು ಕೇಳಿದರೂ ‘ಕೂಡದು’. 1914ರಿಂದ ಈ ಕಾಡನ್ನು ಅದರ ಪಾಡಿಗೆ ಬಿಟ್ಟಿದ್ದಾರೆ. ಬಿದ್ದ ಮರ ಬಿದ್ದಲ್ಲೇ. ಹೂವು, ಅಣಬೆ ಕೀಳುವಂತಿಲ್ಲ, ನಾಯಿಯನ್ನು ಹಗ್ಗ ಕಟ್ಟಿಯೂ ತರುವಂತಿಲ್ಲ, ಹಾದಿ ಬಿಟ್ಟು ಒಂದು ಹೆಜ್ಜೆ ಆಚೆ ಇಡುವಂತಿಲ್ಲ.

ಈ ಕೊನೆಯದರ ಬಿಸಿ ತಟ್ಟುವುದು ನಿಸರ್ಗದ ಕರೆ ಬಂದಾಗ. ಉದ್ಯಾನದೊಳಗಿನ ಸ್ಟಾಬೆಲ್‌ಚೋಡ್ ಬಯಲಿನಿಂದ 2,328 ಮೀಟರ್ ಎತ್ತರದ ಮಾರ್ಗುನೆಟ್ ಹತ್ತಿ, ರಸ್ತೆ ಬದಿಯ ಇಲ್ ಫುವೊರ್ನ್ ಕಡೆ ಇಳಿಯಲು ಮೂರು ತಾಸಾದರೂ ಬೇಕು. ಒಳ್ಳೊಳ್ಳೆಯ ಪೊದೆಗಳು ಕೈಬೀಸಿ ಕರೆಯುತ್ತವೆ, ಹೋಗುವಂತಿಲ್ಲ. ಬೆಳಗ್ಗೆ ಎರಡನೇ ಲೋಟ ಕಾಫಿ ಬೇಡ. ನೀರು ಒಂದೂವರೆ ಲೀಟರ್ ಇರಲಿ, ಗುಟುಕು ಗುಟುಕಾಗಿ ಕುಡಿಯಿರಿ.

ಕೈಮರ ನಂಬಿ ಕೆಟ್ಟವರು ಬಹಳ. ಅದರಲ್ಲಿ ಬರೆದಿರುವುದು ದೂರವಲ್ಲ, ಹೊತ್ತು. ಸಮತಟ್ಟಿನಲ್ಲಿ ಗಂಟೆಗೆ 4.2 ಕಿ.ಮೀ. ನಡೆಯುವವರ ಲೆಕ್ಕವದು, ಏದುಸಿರು, ಸೆಲ್ಫಿ, ‘ಐದು ನಿಮಿಷ ಕೂರೋಣ’ ಯಾವುದೂ ಸೇರಿಲ್ಲ.

ಸ್ಟಾಬೆಲ್‌ಚೋಡ್ ಹಿಂದೆ ಬೇಸಿಗೆಯಲ್ಲಿ ದನ ಮೇಯುತ್ತಿದ್ದ ಬಯಲು. ದನ ಹೋಗಿ ನೂರು ವರ್ಷವಾದರೂ ಕಾಡು ಅದನ್ನಿನ್ನೂ ನುಂಗಿಲ್ಲ. ಅಂದಿನ ಸಗಣಿಯಿಂದ ಕೊಬ್ಬಿದ ಮಣ್ಣಿನಲ್ಲಿ ಹುಲ್ಲು ಸೊಂಪಾಗಿ ಬರುತ್ತದೆ, ಕೆಂಜಿಂಕೆಗಳು ಬಂದು ನುಣ್ಣಗೆ ಬೋಳಿಸಿ ಹೋಗುತ್ತವೆ. ಅಷ್ಟು ಚೆಂದದ ಹುಲ್ಲು ಕಂಡು ಜಮಖಾನ ಹಾಸಿಬಿಟ್ಟೀರಿ, ಜೋಕೆ! ಹಳದಿ ಗೂಟ ನೆಟ್ಟು ಗುರುತಿಸಿದ ಜಾಗದಲ್ಲಷ್ಟೇ ಕೂರಬೇಕು. ಚಿತ್ರಾನ್ನದ ಕಡಲೆಬೀಜ ಉರುಳಿದರೆ ಹೆಕ್ಕಿ. ಬಾಳೆಸಿಪ್ಪೆ ‘ಕೊಳೆತು ಗೊಬ್ಬರವಾಗುತ್ತೆ’ ಎಂಬ ಮಾತು ಇಲ್ಲಿ ನಡೆಯದು: ಈ ಚಳಿಗೆ ಅದು ಕೊಳೆಯುವುದೂ ನಿಧಾನ. ಚೀಲಕ್ಕೇ ವಾಪಸ್.

ಜ್ಯೂರಿಕ್‌ನಲ್ಲಿ ಬಿಗಿದ ಮಜ್ಜಿಗೆ ಬಾಟಲಿಯ ವಿಷಯದಲ್ಲಂತೂ ಎಚ್ಚರ. ಮಾರ್ಗುನೆಟ್‌ನಲ್ಲಿ ಗಾಳಿಯ ಒತ್ತಡ ಅಲ್ಲಿಗಿಂತ ಸುಮಾರು ಐದರಲ್ಲೊಂದು ಪಾಲು ಕಡಿಮೆ. ಹುಳಿಯೇರಿದ ಮಜ್ಜಿಗೆಗೆ ಅಷ್ಟೇ ಸಾಕು. ಮುಚ್ಚಳ ತಿರುಗಿಸಿದ್ದೇ ತಡ, ಪಕ್ಕದಲ್ಲಿ ಗಡ್ಡದ ರಣಹದ್ದು ಹುಡುಕುತ್ತ ನಿಂತವರ ದುರ್ಬೀನಿಗೆ ಕರಿಬೇವು ಅಂಟುತ್ತದೆ. ಮುಕ್ಕಾಲು ಬಾಟಲಿ ಮಾತ್ರ ತುಂಬಿಸಿ, ದಾರಿಯಲ್ಲಿ ಒಂದೆರಡು ಸಲ ಮುಚ್ಚಳ ಸಡಿಲಿಸಿ ಗಾಳಿ ಬಿಡಿ.

ಇಳಿದ ಮೇಲೆ ಉದ್ಯಾನದ ಪಕ್ಕದ ಊರು ಜೆರ್ನೆಟ್ಸ್‌ಗೆ ಹಳದಿ ಪೋಸ್ಟ್ ಬಸ್ಸು. ಇಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ಊರಿನ ರೂಢಿಯಂತೆ ಎಡಗಡೆ ನಿಂತು ಬಂದ ಬಸ್ಸು ಹತ್ತಿದರೆ ಅದು ಕಣಿವೆ ದಾಟಿಸಿ ಇಟಲಿಯ ಮಾಲ್ಸ್‌ಗೆ ಒಯ್ಯುತ್ತದೆ.