ತೀರ್ಥಹಳ್ಳಿಯಲ್ಲಿ ಕ್ಯಾಲಿಫೋರ್ನಿಯಾದ ಕಪ್ಪೆ

ಕಾಲೇಜುಗಳ ಕಿರುಚಿತ್ರ ಸ್ಪರ್ಧೆಯ ಕಾಲ ಮತ್ತೆ ಬಂದಿದೆ. ‘ಶಬ್ದವಿನ್ಯಾಸದಲ್ಲಿ ಸೃಜನಶೀಲ ಪ್ರಯೋಗ’ಕ್ಕೆ ಈ ಸಲವೂ ಪ್ರತ್ಯೇಕ ಬಹುಮಾನವಿದೆ. ಪ್ರಯೋಗ ಏನೆಂಬುದು ನಿಮಗೆಲ್ಲ ಬಾಯಿಪಾಠ: ಕಪ್ಪು ಪರದೆ, ಎದೆಬಡಿತ, ಗಡಿಯಾರದ ಟಿಕ್ ಟಿಕ್. ನಾಯಕನ ಕೋಣೆಯಲ್ಲಿ ಗಡಿಯಾರವೇ ಇಲ್ಲ, ಹೊತ್ತು ನೋಡಲು ಅವನು ಮೊಬೈಲ್ ತೆಗೆಯುತ್ತಾನೆ. ಆದರೂ ಟಿಕ್ ಟಿಕ್. ಬಳಿಕ ಕುಂಯ್ ಎಂಬ ಸಣ್ಣ ಸಿಳ್ಳೆ. ಅಂದರೆ ಅವನು ಒಳಗೊಳಗೇ ಕುಸಿಯುತ್ತಿದ್ದಾನೆ. ಕೊನೆಗೆ ಸಂಪೂರ್ಣ ಮೌನ. ಇದು ಕಲೆಯೋ, ಕೇಬಲ್ ಕಿತ್ತುಬಂತೋ ತಿಳಿಯದೆ ತೀರ್ಪುಗಾರರು ಮುಖ ಮುಖ ನೋಡಿಕೊಂಡು, ಯಾವುದಕ್ಕೂ ಇರಲಿ ಎಂದು ಚಪ್ಪಾಳೆ ತಟ್ಟುತ್ತಾರೆ.

ನನಗೆ ಅಚ್ಚುಮೆಚ್ಚು ಕಪ್ಪೆ. ತೀರ್ಥಹಳ್ಳಿಯ ಮಳೆ, ಅಡಿಕೆ ತೋಟ, ಕಂಬಳಿಕೊಪ್ಪೆ ಹೊದ್ದ ಅಜ್ಜ, ಹಿನ್ನೆಲೆಯಲ್ಲಿ ‘ರಿಬ್ಬಿಟ್, ರಿಬ್ಬಿಟ್’. ಇದು ಅಮೆರಿಕದ ಪಶ್ಚಿಮ ಕರಾವಳಿಯ ಪೆಸಿಫಿಕ್ ಮರಗಪ್ಪೆಯ ಕೂಗು. ಹಾಲಿವುಡ್ಡಿನವರಿಗೆ ಹತ್ತಿರದಲ್ಲಿ ಸಿಕ್ಕಿದ್ದು ಅದು, ಹಾಗಾಗಿ ಯಾವ ಕಾಡು ತೋರಿಸಿದರೂ ಅದನ್ನೇ ಕೂಗಿಸಿದರು. ಅವರದೂ ಸೋಮಾರಿತನವೇ. ಆದರೆ ಮೈಕ್ ಹಿಡಿದು ಹೊರಗೆ ಹೋಗುವಷ್ಟು ಶ್ರಮವನ್ನಾದರೂ ಪಟ್ಟಿದ್ದರು. ನಮ್ಮಲ್ಲಿ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಮೊಟ್ಟೆಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆಯೇ ಇದೆ. ವಿಜ್ಞಾನಿಗಳು 2014ರಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದರು. ಪಾಪ, ಅದಕ್ಕೆ ಇಂಗ್ಲಿಷ್ ಬಾರದು. ಗರುಡ ಹಾರಿದರೆ ಅಮೆರಿಕದ ಕೆಂಪುಬಾಲದ ಗಿಡುಗ ಕಿರುಚುತ್ತದೆ. ದಾವಣಗೆರೆಯ ಮಾಳಿಗೆಯಿಂದ ಖಳ ಬಿದ್ದರೆ, 1951ರ ಹಾಲಿವುಡ್ ಚಿತ್ರವೊಂದಕ್ಕೆ ಮುದ್ರಿಸಿದ ‘ವಿಲ್‌ಹೆಲ್ಮ್ ಚೀತ್ಕಾರ’ ಕೇಳಿಸುತ್ತದೆ. ಕೇಳಿದರೆ ಗೌರವಾರ್ಪಣೆ ಎನ್ನುತ್ತಾರೆ. ಯಾರಿಗೆ ಎಂದು ಕೇಳಬಾರದು.

1977ರ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಶಬ್ದವಿನ್ಯಾಸಕ ಬೆನ್ ಬರ್ಟ್ ಆನೆಯ ಘೀಳನ್ನೂ ಒದ್ದೆ ರಸ್ತೆಯಲ್ಲಿ ಕಾರು ಹಾಯುವ ಸದ್ದನ್ನೂ ಬೆರೆಸಿ ಬಾಹ್ಯಾಕಾಶದ ಯುದ್ಧನೌಕೆ ಹಾರಿಸಿದರು. ಬೆಳಕಿನ ಕತ್ತಿಗೆ ಹಳೆಯ ಪ್ರೊಜೆಕ್ಟರಿನ ಮೋಟಾರು ಮತ್ತು ಟೀವಿಯ ಗೊರಗೊರ ಸಾಕಾಯಿತು. ನಮಗೇನು ಕೊರತೆ? ಆನೆ ಸಕ್ರೆಬೈಲಿನಲ್ಲಿದೆ, ಒದ್ದೆ ರಸ್ತೆ ಆಗುಂಬೆಯಲ್ಲಿದೆ. ರೆಕಾರ್ಡರ್ ಕಾಲೇಜಿನ ಬೀರುವಿನಲ್ಲಿದೆ.

ಬೀರುವಿನ ಕೀಲಿ ವಿಭಾಗದ ಮುಖ್ಯಸ್ಥರ ಬಳಿ. ಮುಖ್ಯಸ್ಥರು ಮೌಲ್ಯಮಾಪನಕ್ಕೆ ಪರವೂರಿಗೆ. ಅವರು ಮರಳಿದರೆ ಪ್ರಾಂಶುಪಾಲರ ಸಹಿ ಬೇಕು, ಸಹಿಯಾದರೆ ಉಪಕರಣವನ್ನು ಆವರಣದಿಂದ ಹೊರಗೆ ಒಯ್ಯುವಂತಿಲ್ಲ. ಸದ್ದು ಪರವಾನಗಿ ಪಡೆದು ಒಳಗೆ ಬರಬೇಕು! ಪರಿಶೀಲನಾ ತಂಡ ಬರುವ ದಿನ ಮಾತ್ರ ಮೈಕು ಪ್ಲಾಸ್ಟಿಕ್ ಹೊದಿಕೆಯ ಸಮೇತ ಮೇಜನ್ನು ಅಲಂಕರಿಸುತ್ತದೆ. ಎಂಥ ಜತನ, ನಿಜಕ್ಕೂ ಮೆಚ್ಚಬೇಕು.

ಮೆಚ್ಚುವುದೇನು ಮಣ್ಣು. ನಗುತ್ತ ಬರೆಯಲು ಕೂತೆ, ನಗು ಬರುತ್ತಿಲ್ಲ. ಪ್ರಯೋಗಾಲಯದ ಶುಲ್ಕವನ್ನು ಪ್ರತಿ ವರ್ಷ ವಸೂಲಿ ಮಾಡಿ, ಪ್ರಯೋಗಾಲಯಕ್ಕೆ ಬೀಗ ಜಡಿದು, ಆಮೇಲೆ ವೇದಿಕೆ ಹತ್ತಿ ‘ಇಂದಿನ ಮಕ್ಕಳಲ್ಲಿ ಸ್ವಂತಿಕೆ ಇಲ್ಲ’ ಎಂದು ಭಾಷಣ ಬಿಗಿಯುತ್ತಾರಲ್ಲ, ನಾಚಿಕೆಯಾಗುವುದಿಲ್ಲವೇ? ಕೈಗೆ ಮೈಕು ಸಿಗದ ಹುಡುಗಿ ಅಂತರ್ಜಾಲದಿಂದ ಪುಕ್ಕಟೆ ಕಪ್ಪೆಯನ್ನು ಇಳಿಸಿಕೊಳ್ಳದೆ ಇನ್ನೇನು ಮಾಡಬೇಕು? ಬೀರು ತೆಗೆಯಿರಿ ಸ್ವಾಮಿ. ಮಳೆಯಲ್ಲಿ ನೆನೆದು ಕೆಟ್ಟರೆ ಕೆಡಲಿ, ಅದಕ್ಕೂ ಸೇರಿಸಿಯೇ ಅವರ ಅಪ್ಪಂದಿರು ದುಡ್ಡು ಕಟ್ಟಿದ್ದಾರೆ.