ಬೀಗರ ಮುತ್ತಜ್ಜಿಯ ತವರು ಸಿಕ್ತು, ನಮ್ಮ ಮುತ್ತಜ್ಜಿದು?

ಇಲ್ಲಿ ವಿಸ್ಕಾನ್ಸಿನ್‌ನಲ್ಲಿ ನಾಲ್ಕು ಮನೆ ಕನ್ನಡದವರು ಊಟಕ್ಕೆ ಸೇರಿದ್ರೆ ಒಂದು ಮಾತು ಬಂದೇ ಬರುತ್ತೆ, "ಈ ಅಮೆರಿಕದವ್ರಿಗೆ ಅಜ್ಜನ ಹೆಸರೂ ಗೊತ್ತಿರಲ್ಲ ಕಣ್ರೀ, ನಮ್ದು ನೋಡಿ, ಗೋತ್ರ ಪ್ರವರ ಎಲ್ಲಾ ಬಾಯಲ್ಲೇ" ಅಂತ. ಈ ಮಾತು ಅರ್ಧಕ್ಕರ್ಧ ಸುಳ್ಳು ಅನ್ನೋದು ನನ್ನ ಅನಿಸಿಕೆ, ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮ ಮಗಳನ್ನ ಕೊಟ್ಟಿರೋದು ಜರ್ಮನ್ ಮೂಲದ ಮನೆಗೆ. ಮಿಲ್ವಾಕಿ ಸುತ್ತಮುತ್ತ ಇದೇನು ಹೊಸದಲ್ಲ, ಇಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದ್ರೆ ಫ್ರೈಸ್ಟಾಟ್ ಅಂತ ಒಂದು ಜಾಗ ಇದೆ, 1839ರಲ್ಲೇ ಪೊಮೆರೇನಿಯಾದಿಂದ (ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಒಂದು ಪ್ರಾಂತ್ಯ) ಬಂದ ಲೂಥರನ್ ಪಂಥದ ಕ್ರೈಸ್ತರು ಕಾಡು ಕಡಿದು ಕಟ್ಟಿದ್ದು, ಪ್ರಷ್ಯಾದ ರಾಜ ಹೇಳಿದ ಹಾಗೆ ಪೂಜಾ ಪದ್ಧತಿ ಬದಲಾಯಿಸಲ್ಲ ಅಂತ ಊರು ಬಿಟ್ಟವರು. ಆಮೇಲೆ ಹೊಟ್ಟೆಪಾಡಿಗೆ ಬಂದವರು ಲೆಕ್ಕ ಇಲ್ಲದಷ್ಟು. ನಮ್ಮ ಬೀಗರ ಕಡೆಯವರು ಈ ಎರಡನೇ ಗುಂಪು, 1880ರ ಆಸುಪಾಸು.

ಬೀಗಿತ್ತಿ ರಿಟೈರ್ ಆದ ಮೇಲೆ ಒಂದೇ ಹಟ ಹಿಡ್ಕೊಂಡ್ರು: ಹಡಗು ಹತ್ತಿ ಬಂದ ಮುತ್ತಜ್ಜಿಯ ತವರು ಮನೆ ಹೆಸರೇನು, ಯಾವ ಊರವಳು. ಗಂಡಸರ ಸಾಲು ಹಿಡಿಯೋದು ಸಲೀಸು, ಹೆಸರು ಬದಲಾಗಲ್ವಲ್ಲ. ಹೆಂಗಸು ಅಂದ ತಕ್ಷಣ ದಾರಿ ಮುಚ್ಚುತ್ತೆ. ಸಮಾಧಿ ಕಲ್ಲಿನ ಮೇಲೆ ಗಂಡನ ಮನೆ ಹೆಸರು, ಕೆಳಗೆ ಜರ್ಮನ್‌ನಲ್ಲಿ ಬರೀ "ತಾಯಿ" ಅಂತ. ಅಮೆರಿಕದ ಜನಗಣತಿಯಲ್ಲಿ ಹುಟ್ಟಿದ ಜಾಗ "ಪ್ರಷ್ಯಾ", ಅಷ್ಟೆ, ಅದು ಹೆಂಗಿದೆ ಅಂದ್ರೆ ಯಾವ ಊರಪ್ಪಾ ಅಂದ್ರೆ ಬಾಂಬೆ ಪ್ರೆಸಿಡೆನ್ಸಿ ಅಂದ ಹಾಗೆ. 1890ರ ಜನಗಣತಿ ನೋಡೋಣ ಅಂದ್ರೆ 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಹೆಚ್ಚುಕಮ್ಮಿ ಪೂರ್ತಿ ಹೋಗಿದೆ. ಈ ರಾಜ್ಯದಲ್ಲಿ ಹುಟ್ಟು ಸಾವು ಸರಿಯಾಗಿ ಬರೆಯೋಕೆ ಶುರು ಮಾಡಿದ್ದೇ 1907ರಿಂದ, ಆಯಮ್ಮ ಅದಕ್ಕೂ ಮುಂಚೆನೇ ತೀರ್ಕೊಂಡಿದ್ರು.

ಹಾಗಾದ್ರೆ ಮಕ್ಕಳ ದಾಖಲೆ ಹಿಡೀಬೇಕು. ಇಲ್ಲಿ ಯಾರಾದ್ರೂ ಸತ್ತಾಗ ಡೆತ್ ಸರ್ಟಿಫಿಕೇಟ್‌ನಲ್ಲಿ ಸತ್ತವರ ತಾಯಿಯ ತವರು ಹೆಸರು ಕೇಳ್ತಾರೆ, 1936ರಿಂದ ಸೋಶಿಯಲ್ ಸೆಕ್ಯೂರಿಟಿ ನಂಬರಿಗೆ (ಸರ್ಕಾರದ ಪಿಂಚಣಿ ಲೆಕ್ಕದ ನಂಬರು) ಅರ್ಜಿ ಹಾಕೋವಾಗ್ಲೂ ಕೇಳ್ತಿದ್ರು. ಕೇಳೋದೇನೋ ಕೇಳ್ತಾರೆ, ಆದ್ರೆ ಹೇಳೋನು ಯಾರು? ಸತ್ತವರ ಅಳಿಯನೋ ಮೊಮ್ಮಗನೋ, ಅವನಿಗೆ ನೆನಪಿದ್ದಷ್ಟು. ಒಂದು ಮಗನ ಸರ್ಟಿಫಿಕೇಟ್‌ನಲ್ಲಿ ಬೆನ್ಕೆ, ಮಗಳದ್ರಲ್ಲಿ ಬಾನ್ಕೆ, ಇನ್ನೊಬ್ಬ ಮಗನ ಸೋಶಿಯಲ್ ಸೆಕ್ಯೂರಿಟಿ ಅರ್ಜಿಯಲ್ಲಿ ಬೊಯೆನ್ಕೆ. (ನಾನು ಮೊದಲನೇದನ್ನ "ಬೆಂಕಿ" ಅಂತ ಓದಿ ನಕ್ಕು, ಯಾಕೆ ನಕ್ಕೆ ಅಂತ ಬೀಗಿತ್ತಿಗೆ ವಿವರಿಸೋಕೆ ಅರ್ಧ ಗಂಟೆ ಹೋಯ್ತು.) ಉತ್ತರ ಜರ್ಮನಿ ಕಡೆ ಬಹಳ ಮನೆಗಳಿಗೆ ಇರೋ ಹೆಸರದು, ಸಿಕ್ಕಿದ್ರೂ ಸಿಕ್ಕ ಹಾಗಲ್ಲ.

ನ್ಯೂಯಾರ್ಕ್ ಬಂದರಲ್ಲಿ ವಲಸೆ ಬಂದವರನ್ನ ತಪಾಸಣೆ ಮಾಡ್ತಿದ್ದ ಎಲ್ಲಿಸ್ ಐಲ್ಯಾಂಡ್‌ನಲ್ಲಿ ಗುಮಾಸ್ತ ಹೆಸರು ಬದಲಾಯಿಸಿಬಿಟ್ಟ ಅಂತ ಇಲ್ಲಿ ಮನೆಮನೆಯಲ್ಲೂ ಒಂದು ಕತೆ ಇದೆ, ಬೀಗರ ಮನೆಯಲ್ಲೂ ಇತ್ತು. ಎಲ್ಲಿಸ್ ಐಲ್ಯಾಂಡ್ ಶುರುವಾಗಿದ್ದೇ 1892ಕ್ಕೆ, ಇವರ ಮುತ್ತಜ್ಜಿ ಬಂದಾಗ ನ್ಯೂಯಾರ್ಕ್‌ನಲ್ಲಿ ಇದ್ದಿದ್ದು ಕ್ಯಾಸಲ್ ಗಾರ್ಡನ್ ಅನ್ನೋ ಹಳೇ ಕೇಂದ್ರ. ಗುಮಾಸ್ತರು ಹೊಸದಾಗಿ ಹೆಸರು ಬರೀತಾನೂ ಇರ್ಲಿಲ್ಲ, ಹಡಗಿನವರು ತಂದ ಪಟ್ಟಿ ನೋಡಿ ಟಿಕ್ ಹಾಕ್ತಿದ್ರು. ಹೆಸರು ಬದಲಾಗಿದ್ದು ಆಮೇಲೆ, ಸ್ಕೂಲಲ್ಲಿ, ಅಂಗಡಿಯಲ್ಲಿ, ಅವರದ್ದೇ ಬಾಯಲ್ಲಿ.

ಕೊನೆಗೆ ದಾರಿ ತೆರೆದಿದ್ದು ಒಂದು ಸಣ್ಣ ಹಳ್ಳಿ ಚರ್ಚಿನ ರಿಜಿಸ್ಟರ್‌ನಿಂದ. ಆ ಕಾಲಕ್ಕೆ ಇಲ್ಲಿಯ ಲೂಥರನ್ ಪಾದ್ರಿಗಳು ಎಲ್ಲಾ ಜರ್ಮನ್‌ನಲ್ಲೇ ಬರೀತಿದ್ರು, ಅದೂ ಕುರೆಂಟ್ ಅನ್ನೋ ಹಳೇ ಲಿಪಿಯಲ್ಲಿ. ಅಬ್ಬಾ ಅದೊಂದು ಬೇರೆ ಪ್ರಪಂಚ! ಅದರಲ್ಲಿ ಎನ್ ಮತ್ತು ಇ ಎರಡೂ ಒಂದೇ ಥರ ಮೇಲೆ ಕೆಳಗೆ ಗೀಟು, ಯು ಕೂಡ ಹಾಗೇ, ಅದಕ್ಕೆ ಮಾತ್ರ ತಲೆ ಮೇಲೆ ಒಂದು ಸಣ್ಣ ಕೊಂಕು ಎಳೀತಾರೆ, ಆ ಕೊಂಕು ಇದ್ರೆ ಯು, ಇಲ್ದಿದ್ರೆ ಬೇರೆ. ಭೂತಗನ್ನಡಿ ಹಿಡಿದು ಗೀಟು ಎಣಿಸೋದು, ಬೀಗಿತ್ತಿ ಒಂದು ಅಂತಾರೆ ನಾನೊಂದು ಅಂತೀನಿ. ಇಂಥದ್ದನ್ನ ನಾನು ಊರಲ್ಲೇ ನೋಡಿದೀನಿ, ನಮ್ಮ ಧಾರವಾಡ ಕಡೆ ಹಳೇ ಕಾಗದಪತ್ರ ಮೋಡಿ ಲಿಪಿಯಲ್ಲಿ ಇರುತ್ತಲ್ಲ, ಮನೆ ಟ್ರಂಕಲ್ಲಿ ಕಟ್ಟಿಟ್ಟಿರ್ತಾರೆ, ಓದೋಕೆ ಮನೆಯಲ್ಲಿ ಒಬ್ಬರಿಗೂ ಬರಲ್ಲ.

ಆ ರಿಜಿಸ್ಟರ್‌ನಲ್ಲಿ ನಾವು ನೋಡಿದ್ದು ಆಯಮ್ಮನ ಹೆಸರಲ್ಲ, ಮಕ್ಕಳ ಬ್ಯಾಪ್ಟಿಸಮ್‌ಗೆ ಸಾಕ್ಷಿ ನಿಂತವರ ಹೆಸರು. ಸಾಮಾನ್ಯವಾಗಿ ಆ ಜಾಗಕ್ಕೆ ತಾಯಿಯ ಅಣ್ಣತಮ್ಮ ಅಕ್ಕತಂಗಿಯರನ್ನ ಕರೀತಿದ್ರು. ನಮ್ಮಲ್ಲಿ ಕಿವಿ ಚುಚ್ಚೋವಾಗ ಮಗು ಸೋದರಮಾವನ ತೊಡೆ ಮೇಲೆ ಕೂತ್ಕೋಬೇಕಲ್ಲ, ನೂರು ವರ್ಷ ಬಿಟ್ಟು ಯಾರಾದ್ರೂ ಆ ಫೋಟೋ ನೋಡಿದ್ರೆ ತಾಯಿ ಕಡೆಯವರು ಯಾರು ಅಂತ ಗೊತ್ತಾಗಿಬಿಡುತ್ತೆ, ಅದೇ ಲೆಕ್ಕ. ಬೇರೆ ಬೇರೆ ಮಕ್ಕಳ ಎದುರಿಗೆ ಅದೇ ಒಬ್ಬ ಗಂಡಸು, ಬೆನ್ಕೆ ಮನೆತನದವನು. ಅಣ್ಣನೋ ತಮ್ಮನೋ ಇರಬೇಕು ಅಂತ ಆಯಮ್ಮನ್ನ ಬಿಟ್ಟು ಅವನ ಹಿಂದೆ ಬಿದ್ರು. ಗಂಡಸಲ್ವಾ, ಹೆಸರು ಹಾಗೇ ಇತ್ತು. ಅವನು ಹ್ಯಾಂಬರ್ಗ್‌ನಿಂದ ಹಡಗು ಹತ್ತಿದ್ದ, ಅದು ಪುಣ್ಯ, ಯಾಕಂದ್ರೆ ಹ್ಯಾಂಬರ್ಗ್ ಪಟ್ಟಿಗಳು 1850ರಿಂದ 1934ರವರೆಗೆ ಉಳ್ಕೊಂಡಿವೆ, ಅವುಗಳಲ್ಲಿ ಯಾವ ಊರಿಂದ ಬಂದ ಅಂತಾನೂ ಇದೆ. ಬ್ರೆಮೆನ್‌ನಿಂದ ಹೊರಟಿದ್ರೆ ಕತೆ ಮುಗೀತಿತ್ತು, ಅಲ್ಲಿಯ ಹಳೇ ಪಟ್ಟಿಗಳನ್ನ ಇಡೋಕೆ ಜಾಗ ಇಲ್ಲ ಅಂತ ಕಚೇರಿಯವರೇ ನಾಶ ಮಾಡಿದ್ರು, ಉಳಿದಿದ್ದರಲ್ಲೂ ಬಹುಪಾಲು ಎರಡನೇ ಮಹಾಯುದ್ಧದಲ್ಲಿ ಹೋಯ್ತು.

ಊರು ಸಿಕ್ಕಿದ್ದು ಪೊಮೆರೇನಿಯಾದ ಗ್ರೈಫೆನ್‌ಬರ್ಗ್ ಕಡೆ. ಈಗ ಮ್ಯಾಪಲ್ಲಿ ಹುಡುಕಿದ್ರೆ ಆ ಹೆಸರೇ ಇಲ್ಲ, 1945ರ ನಂತರ ಅದು ಪೋಲೆಂಡ್, ಊರ ಹೆಸರು ಗ್ರಿಫಿತ್ಸೆ. ಯುದ್ಧದಲ್ಲಿ ಆ ಕಡೆಯ ಎಷ್ಟೋ ಚರ್ಚ್ ಪುಸ್ತಕ ಸುಟ್ಟುಹೋಗಿವೆ, ಕಳೆದುಹೋಗಿವೆ. ಇವರ ಹಳ್ಳಿಯದ್ದು ಮಾತ್ರ ಹೇಗೋ ಉಳಿದು ಮೈಕ್ರೋಫಿಲ್ಮ್ ಆಗಿತ್ತು. ಮದುವೆ ಪುಟದಲ್ಲಿ ಹುಡುಗಿಯ ಹೆಸರು, ಅಪ್ಪನ ಹೆಸರು, ಅಪ್ಪನ ಕೆಲಸ: ದಿನಗೂಲಿ.

ಅದನ್ನ ಓದಿದ ಮೇಲೆ ನನಗೆ ಸುಮಾರು ಹೊತ್ತು ಬೇರೆ ಏನೂ ಹೊಳೀಲಿಲ್ಲ. ಸ್ವಂತ ಅಂತ ಒಂದು ಅಂಗೈ ಜಮೀನಿಲ್ಲದೆ ಜಮೀನ್ದಾರನ ಹೊಲದಲ್ಲಿ ದುಡಿಯೋ ಕೂಲಿಯವನ ಮಗಳು ಕಣ್ರೀ. ಅವಳ ಹುಟ್ಟು, ಅವಳ ಮದುವೆ, ಅವಳಪ್ಪನ ಹೆಸರು ಬರೆದಿಟ್ಟಿದ್ದಾರೆ. ಪ್ರೀತಿಯಿಂದ ಬರೆದರು ಅಂತ ನಾನೇನೂ ಹೇಳಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆ ಆಗಬಾರದು, ಮಗು ಯಾರದ್ದು ಅಂತ ಗೊತ್ತಿರಬೇಕು, ಆಮೇಲೆ ಸರ್ಕಾರಕ್ಕೆ ಸೈನ್ಯಕ್ಕೆ ಜನ ಬೇಕು, ಇವೇ ಕಾರಣ. 1874ರ ಅಕ್ಟೋಬರ್‌ನಿಂದ ಪ್ರಷ್ಯಾದಲ್ಲಿ ಸರ್ಕಾರವೇ ಬರೆಯೋಕೆ ಶುರು ಮಾಡ್ತು, 1876ರಿಂದ ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ. ನಮ್ಮಲ್ಲಿ ದೇಶಕ್ಕೆಲ್ಲಾ ಒಂದೇ ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ಕ್ಕೆ.

ನಮ್ಮ ಕಡೆಯದ್ದು ಈಗ ನೋಡಿ. ನಾನು ಸಣ್ಣವನಿದ್ದಾಗ ನಮ್ಮೂರ ಗೌಡರ ಮನೆಗೆ ಹೆಳವರು ಬರ್ತಿದ್ರು, ಎತ್ತಿಗೆ ಗಂಟೆ ಕಟ್ಕೊಂಡು, ಅಂಗಳದಲ್ಲಿ ಕೂತು ಆ ಮನೆಯ ವಂಶ ಹೇಳ್ತಿದ್ರು, ಇಂಥವನ ಮಗ ಇಂಥವ, ಅವ ಯಾವ ಊರು ಬಿಟ್ಟು ಯಾವ ಊರಿಗೆ ಬಂದ, ಎಲ್ಲಾ ಸರಸರ ಬರೋದು, ಕೇಳಿದ್ರೆ ಮೈ ಜುಮ್ ಅನ್ನೋದು. ಕಾಳು ಬಟ್ಟೆ ಕೊಟ್ಟು ಕಳಿಸ್ತಿದ್ರು. ತ್ರ್ಯಂಬಕೇಶ್ವರ, ಹರಿದ್ವಾರದ ಪುರೋಹಿತರ ಹತ್ರಾನೂ ವಂಶಾವಳಿ ಬರೆದ ದೊಡ್ಡ ದೊಡ್ಡ ಪುಸ್ತಕ ಇವೆ. ಜರ್ಮನಿಯವರಿಗೆ ಇಂಥ ಬಾಯಿಪಾಠ ಎಲ್ಲಿಂದ ಬರಬೇಕು. ಆದ್ರೆ ಹೆಳವ ಹೋಗ್ತಿದ್ದಿದ್ದು ಕಾಳು ಕೊಡೋ ಮನೆಗೆ, ಹರಿದ್ವಾರದ ಪುಸ್ತಕದಲ್ಲಿ ಇರೋದು ಹರಿದ್ವಾರಕ್ಕೆ ಹೋಗೋ ತಾಕತ್ತಿದ್ದವರು. ಗೌಡರ ಹೊಲದಲ್ಲಿ ಕಳೆ ಕೀಳ್ತಿದ್ದವಳ ತವರು ಯಾವುದು ಅಂತ ಯಾರು ಹೇಳ್ತಾರೆ?

ಕೂಲಿಯವಳ ಮಾತು ಬಿಡಿ, ಹೊಲಮನೆ ಇದ್ದ ನಮ್ಮ ಮನೆಯದ್ದೇ ತಗೊಳ್ಳಿ. ನಮ್ಮಲ್ಲಿ ಮದುವೆ ದಿನ ಹುಡುಗಿಯ ಹೆಸರನ್ನೇ ಬದಲಾಯಿಸ್ತಿದ್ರು. ತಾಟಿನಲ್ಲಿ ಅಕ್ಕಿ ಹರವಿ ಗಂಡ ಉಂಗುರದಿಂದ ಹೊಸ ಹೆಸರು ಬರೀತಾನೆ, ಅಲ್ಲಿಗೆ ಹಳೇ ಹೆಸರು ತವರಿನವರ ಬಾಯಲ್ಲಿ ಮಾತ್ರ. ಜರ್ಮನ್ ಹೆಂಗಸು ಮನೆತನದ ಹೆಸರು ಮಾತ್ರ ಬಿಟ್ಟು ಬಂದಳು, ನಮ್ಮಾಕಿ ಸ್ವಂತ ಹೆಸರನ್ನೂ ಬಿಟ್ಟು ಬಂದಳು. ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಮೂವರ ಹೆಸರೂ ಹೇಳ್ತೀವಿ ನಿಜ, ಆದ್ರೆ ಹೇಳೋದು ಗಂಡನ ಮನೆ ಹೆಸರು, ಗಂಡನ ಗೋತ್ರ. ನನ್ನ ಮುತ್ತಜ್ಜಿಯನ್ನ ಮನೆಯಲ್ಲೆಲ್ಲಾ "ಸವಣೂರಾಕಿ" ಅಂತಿದ್ರಂತೆ. ಸವಣೂರಿನ ಯಾರ ಮನೆ? ಗೊತ್ತಿಲ್ಲ.

ಎಲ್ಲಾ ಜರ್ಮನ್ನರೂ ಒಂದೇ ಥರ ಅಂತಾನೂ ಅಲ್ಲ. ವೆಸ್ಟ್‌ಫಾಲಿಯಾ ಕಡೆ ಹೊಲಮನೆಗೇ ಒಂದು ಹೆಸರು, ಆ ಮನೆಯ ಮಗಳನ್ನ ಮದುವೆಯಾಗಿ ಅಳಿಯ ಬಂದ್ರೆ ಅವನೇ ಆ ಮನೆ ಹೆಸರು ಇಟ್ಕೋತಿದ್ದ, ಅಲ್ಲಿ ಹುಡುಕಬೇಕಾಗಿರೋದು ಗಂಡನ ಹುಟ್ಟುಹೆಸರು! ನಮ್ಮ ಕಿಟೆಲ್ ಸಾಹೇಬರು 1832ರಲ್ಲಿ ಹುಟ್ಟಿದ ಈಸ್ಟ್ ಫ್ರೀಸಿಯಾದಲ್ಲಿ ಇನ್ನೊಂದು, ಅಪ್ಪನ ಹೆಸರೇ ಮಗನಿಗೆ ಮನೆತನದ ಹೆಸರಾಗ್ತಿತ್ತು, ನಮ್ಮ ಮೈಸೂರಿನವರ ಇನಿಶಿಯಲ್ ಥರ. 1811ರಲ್ಲಿ ನೆಪೋಲಿಯನ್ ಆಡಳಿತ ಖಾಯಂ ಮನೆತನದ ಹೆಸರು ಇಟ್ಕೊಳ್ಳಿ ಅಂತ ಹುಕುಂ ಮಾಡಿದ್ರೂ ಜನ ಬಹಳ ದಿನ ಕಿವಿಗೆ ಹಾಕ್ಕೊಳ್ಳಲಿಲ್ಲ.

ಇಲ್ಲಿಯವರ ಮೇಲೆ ಒಂದು ತಕರಾರೂ ಇದೆ ನಂದು. ಆನ್‌ಲೈನ್‌ನಲ್ಲಿ ಒಬ್ಬ ಹಾಕಿದ ವಂಶವೃಕ್ಷವನ್ನ ಇನ್ನೊಬ್ಬ ಹಾಗೇ ಕಾಪಿ ಹೊಡೀತಾನೆ, ಮೂಲ ಪುಟ ಒಬ್ಬನೂ ತೆಗೆದು ನೋಡಲ್ಲ, ತಪ್ಪು ಹೆಸರು ಹತ್ತು ಕಡೆ ಬಂದ ಮೇಲೆ ಅದೇ ನಿಜ ಆಗಿಬಿಡುತ್ತೆ. ಬೀಗಿತ್ತಿ ಹಾಗಲ್ಲ, ಪುಟ ನೋಡದೆ ಒಂದು ಹೆಸರೂ ಬರೆಯಲ್ಲ.

ಈಗ ಮೊಮ್ಮಗಳ ವಂಶವೃಕ್ಷ ಮಾಡ್ತಿದ್ದಾರೆ. ಅಪ್ಪನ ಕಡೆ 1700ರ ದಶಕದವರೆಗೆ ಹೆಂಗಸರು ಗಂಡಸರು ಇಬ್ಬರೂ ಇದ್ದಾರೆ, ಅಮ್ಮನ ಕಡೆ ಗಂಡಸರೇ ಗಂಡಸರು, ಪಕ್ಕದಲ್ಲಿ ಖಾಲಿ ಚೌಕ. ಹುಬ್ಬಳ್ಳಿಯಲ್ಲಿರೋ ನಮ್ಮ ಸೋದರತ್ತೆಗೆ ಫೋನ್ ಮಾಡಿ ಕೇಳಿದೆ. "ಯಾಕೋ, ಈಗ ಯಾಕ ಬೇಕು ಅದು, ಆಸ್ತಿ ಏನರ ಐತೇನು?" ಅಂದ್ರು. ಆಮೇಲೆ ಅವರೇ ವಾಪಸ್ ಫೋನ್ ಮಾಡಿ ಸವಣೂರಿನಾಗ ಎರಡು ಮನಿ ಇದ್ವು, ಒಂದು ದೇಸಾಯರ ವಾಡೆ ಹಿಂದ, ಇನ್ನೊಂದು ಮಠದ ಓಣಿ, ಆಕಿ ಮಠದ ಓಣಿಯಾಕಿ ಇರಬೇಕು ಅಂದ್ರು. ಚಿಕ್ಕಮ್ಮ ಅದು ಸುಳ್ಳು, ವಾಡೆ ಹಿಂದಿನ ಮನಿಯೇ ಅಂತ ವಾದ ಮಾಡ್ತಿದ್ದಾರೆ. ಎರಡನ್ನೂ ಬೀಗಿತ್ತಿಗೆ ಹೇಳಿದೆ, ಅವರು ಪೆನ್ಸಿಲ್‌ನಲ್ಲಿ ಬರ್ಕೊಂಡು "ಇದಕ್ಕೆ ಪುಟ ಎಲ್ಲಿದೆ?" ಅಂತ ಕೇಳಿದ್ರು.